ಹಬ್ಬ ಮುಗಿದ ಮೇಲಿನ ಡಬ್ಬಿಗಳು: ನನ್ನ ಅನುಭವ

ವರಮಹಾಲಕ್ಷ್ಮಿಯಿಂದ ಬಲಿಪಾಡ್ಯಮಿಯವರೆಗಿನ ಹಬ್ಬದ ಸಾಲಿನಲ್ಲಿ ಪ್ರತಿ ವರ್ಷ ಮೂರೂವರೆ ಕಿಲೋದಷ್ಟು ಏರುತ್ತಿದ್ದ ನನ್ನ ತೂಕ, 2023 ಮತ್ತು 2024ರಲ್ಲಿ ಅರ್ಧ ಕಿಲೋ ದಾಟಲಿಲ್ಲ. ಅದಕ್ಕಾಗಿ ನಾನು ಹೋಳಿಗೆಯನ್ನೂ ಬಿಟ್ಟಿಲ್ಲ, ತುಪ್ಪವನ್ನೂ ಬಿಟ್ಟಿಲ್ಲ. ಹಬ್ಬ ಮಾಡುವ ಮನೆಯಲ್ಲಿ ಇದು ನಡೆಯುವ ಮಾತಲ್ಲ ಎಂದಿದ್ದ ನನ್ನ ಓರಗಿತ್ತಿಯೇ ಈಗ ನಾನು ತಿಂದದ್ದನ್ನು ಬರೆದಿಟ್ಟ ಲೆಕ್ಕದ ಪುಸ್ತಕವನ್ನು ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಏನನ್ನು ತಿನ್ನಬೇಕು, ಏನನ್ನು ಬಿಡಬೇಕು ಎಂಬುದು ಗೊತ್ತೇ ಇರುತ್ತದೆಯಾದ್ದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಮೊದಲು ಸೋತದ್ದನ್ನು ಹೇಳುತ್ತೇನೆ. 2021ರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ (HbA1c) 6.2%, ಅಂದರೆ ಸಕ್ಕರೆ ಕಾಯಿಲೆಯ ಅಂಚಿಗೆ, ಬಂದಾಗ ಗಾಬರಿಯಾಗಿ, ಬಡಾವಣೆಯ ಒಂದು ಕೇಂದ್ರದಲ್ಲಿ ಕಲಸಿ ಕುಡಿಯುವ ಪುಡಿಗೆಂದು ಹದಿನೆಂಟು ಸಾವಿರದಷ್ಟು ಕಟ್ಟಿದೆ. ಗಣೇಶನ ಹಬ್ಬದವರೆಗೆ ಇಳಿದ ಎರಡು ಕಿಲೋ ದೀಪಾವಳಿಯ ಹೊತ್ತಿಗೆ ಬಡ್ಡಿಸಮೇತ ಹಿಂದಿರುಗಿತು. ಮರುವರ್ಷ, ಪೂಜೆ ಮುಗಿಯುವವರೆಗೆ ನೀರನ್ನುಳಿದು ಏನನ್ನೂ ಮುಟ್ಟದಿದ್ದರೆ ಊಟ ತಾನಾಗಿ ಮಿತವಾಗುತ್ತದೆಂದು ಭಾವಿಸಿದೆ. ಮಂಗಳಾರತಿ ಮುಗಿದು ಎಲೆ ಹಾಕುವಷ್ಟರಲ್ಲಿ ಎರಡೂವರೆ ಗಂಟೆಯಾಗಿ, ಹಸಿವಿನಲ್ಲಿ ನಾಲ್ಕು ಹೋಳಿಗೆ ತಿಂದೆ. ಸಕ್ಕರೆಗೆ ಬದಲಾಗಿ ಮಾರುವ ಸಿಹಿಪುಡಿಯಲ್ಲಿ ಹೋಳಿಗೆ ಮಾಡಿದ್ದೂ ಉಂಟು. ಬೆಲ್ಲದ ಹಿಡಿತವಿಲ್ಲದ ಹೂರಣ ಪುಡಿಪುಡಿಯಾಗಿ, ಲಟ್ಟಿಸುವಾಗಲೇ ಕಣಕ ಹರಿದು, ಸುಮಾರು ಆರುನೂರು ರೂಪಾಯಿಯ ಸಾಮಾನು ದಂಡವಾಯಿತು.

ದಾರಿ ತೋರಿಸಿದ್ದು ಹಾಲಿನ ಲೆಕ್ಕದ ಪುಸ್ತಕ. ಅದರ ಹಿಂಬದಿಯ ಹಾಳೆಗಳಲ್ಲಿ ಪ್ರತಿದಿನ ತಿಂದದ್ದನ್ನು ಬರೆಯುತ್ತ ಹೋದಾಗ, ಎಲೆ ಹಾಕಿ ಹಬ್ಬದೂಟ ಮಾಡಿದ್ದು ಎಂಟೊಂಬತ್ತು ದಿನ ಮಾತ್ರವೆಂದೂ, ಚಕ್ಕುಲಿ, ಕೋಡುಬಳೆ, ಕರ್ಜಿಕಾಯಿ, ರವೆ ಉಂಡೆಗಳ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿದ್ದದ್ದು ಐವತ್ತಕ್ಕೂ ಹೆಚ್ಚು ದಿನವೆಂದೂ ತಿಳಿಯಿತು. ಅದರಲ್ಲಿಯೂ ಮೋಸ ಮಾಡುತ್ತಿದ್ದದ್ದು ಮುರಿದ ಚೂರುಗಳು. ಇಡೀ ಚಕ್ಕುಲಿ ತೆಗೆದುಕೊಂಡರೆ ತಿಂದೆನೆಂಬ ಅರಿವಿರುತ್ತದೆ. ಡಬ್ಬಿಯ ತಳದ ಚೂರು ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆ ಕೃಷ್ಣಾಷ್ಟಮಿ ಕಳೆದ ಮೇಲೆ, ಕೈಗೆ ಬಂದ ಪ್ರತಿಯೊಂದು ಚೂರನ್ನೂ ಬಾಯಿಗೆ ಹಾಕದೆ ಒಂದು ಬಟ್ಟಲಿಗೆ ಹಾಕುತ್ತ ಬಂದು, ಐದನೆಯ ದಿನ ತಕ್ಕಡಿಯಲ್ಲಿಟ್ಟೆ. ಮುನ್ನೂರು ಗ್ರಾಂಗೂ ಸ್ವಲ್ಪ ಮೇಲಿತ್ತು. ಆ ಬಟ್ಟಲನ್ನು ನೋಡಿದ ಮೇಲೆ ನನ್ನ ಹಟವೆಲ್ಲ ಎಲೆಯ ಮೇಲಿನಿಂದ ಡಬ್ಬಿಯ ಕಡೆಗೆ ತಿರುಗಿತು.

ಅಂದಿನಿಂದ ಕರಿದ ತಿಂಡಿಯನ್ನು ನೈವೇದ್ಯಕ್ಕೂ ಆ ದಿನದ ಜೊತೆಗೆ ಇನ್ನೆರಡು ದಿನಕ್ಕೂ ಆಗುವಷ್ಟೇ ಮಾಡುತ್ತೇನೆ. ಮೊದಲು ಚಕ್ಕುಲಿಗೆ ಎರಡು ಕಿಲೋ ಹಿಟ್ಟು ಕಲಸುತ್ತಿದ್ದವಳು ಈಗ ಅರ್ಧ ಕಿಲೋಗೆ ನಿಲ್ಲಿಸುತ್ತೇನೆ. ಹೋಳಿಗೆಗೆ ಅರ್ಧ ಕಿಲೋ ಬೇಳೆ ಹಾಕಿದರೆ ಇಪ್ಪತ್ತೈದರ ಆಸುಪಾಸು ಬರುತ್ತವೆ. ನಮ್ಮ ಆರು ಜನಕ್ಕೆ ಎರಡರಂತೆ ಎತ್ತಿಟ್ಟು, ಉಳಿದದ್ದನ್ನು ಅಂದು ಸಂಜೆಯೇ ಹಂಚುತ್ತೇನೆ. ಅತ್ತೆಯವರು ಮೊದಲ ವರ್ಷ ಬಹಳ ನೊಂದುಕೊಂಡರು. ಬಂದವರ ಮುಂದೆ ಇಡಲು ಡಬ್ಬಿಯಲ್ಲಿ ಏನೂ ಇಲ್ಲದ ಮನೆ ಹಬ್ಬದ ಮನೆಯೇ ಎಂದು ಕೇಳಿದರು. ಅವರಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮಿಬ್ಬರ ನಡುವಿನದು. ಆದರೆ ಎರಡನೆಯ ವರ್ಷ ಪಕ್ಕದ ಮನೆಗೆ ತಟ್ಟೆ ಕಳುಹಿಸಲು ಅವರೇ ಮುಂದಾದರು. ಎಣ್ಣೆ, ತುಪ್ಪ, ಒಣಕೊಬ್ಬರಿಗಳಲ್ಲಿ ಉಳಿತಾಯವಾದದ್ದು ಮೂರು ಸಾವಿರ ರೂಪಾಯಿಗೆ ಕಡಿಮೆಯಿರಲಾರದು.

ದಸರೆಯ ಒಂಬತ್ತು ದಿನ ಮಾತ್ರ ಬೇರೆಯೇ ಪರೀಕ್ಷೆ. ಮೈಸೂರಿನಲ್ಲಿ ಗೊಂಬೆ ಕೂರಿಸುವ ಮನೆಗಳಿಗೆ ಒಂದೇ ಸಂಜೆ ನಾಲ್ಕೈದು ಕಡೆ ಹೋಗಬೇಕಾಗುತ್ತದೆ, ಎಲ್ಲ ಕಡೆಯೂ ತಟ್ಟೆ ಬರುತ್ತದೆ. ಮೊದಲ ಮನೆಯ ಕಡಲೆಕಾಳು ಉಸಲಿಯನ್ನು ಪೂರ್ತಿ ತಿಂದು, ಉಳಿದ ಮನೆಗಳಲ್ಲಿ ಕೊಟ್ಟದ್ದನ್ನು ಕಟ್ಟಿಸಿಕೊಂಡು ಬಂದು ನಮ್ಮ ಮನೆಗೆ ಬರುವ ಮಕ್ಕಳ ಬೊಂಬೆ ಬಾಗಿನಕ್ಕೆ ಸೇರಿಸಿದೆ.

ಮನೆಯಲ್ಲೇ ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್ ಇದ್ದದ್ದರಿಂದ ಒಂದು ಪರೀಕ್ಷೆಯನ್ನೂ ಮಾಡಿದೆ; ಅದರ ಪರೀಕ್ಷಾ ಪಟ್ಟಿಯೊಂದಕ್ಕೆ ಆಗ ಇಪ್ಪತ್ತು ಇಪ್ಪತ್ತೈದು ರೂಪಾಯಿ ಬೀಳುತ್ತಿತ್ತು, ಹನ್ನೆರಡೋ ಹದಿಮೂರೋ ಖರ್ಚಾದವು. ಎಲೆಗೆ ಮೊದಲು ಬೀಳುವ ಸಿಹಿಯನ್ನು ಮೊದಲೇ ತಿಂದ ದಿನ ಎರಡು ಗಂಟೆಯ ನಂತರ 180ರ (mg/dL) ಮೇಲೆ ತೋರಿಸಿತು. ಹೆಸರುಬೇಳೆ ಕೋಸಂಬರಿ ಮತ್ತು ಪಲ್ಯವನ್ನು ಎರಡೆರಡು ಸಲ ಹಾಕಿಸಿಕೊಂಡು, ಹುಳಿಯನ್ನ ಮುಗಿಸಿ, ಕೊನೆಯಲ್ಲಿ ಒಂದೂವರೆ ಹೋಳಿಗೆ ತಿಂದ ದಿನಗಳಲ್ಲಿ 150ರ ಹತ್ತಿರ ನಿಂತಿತು. ಕಾಯಿ ಹೋಳಿಗೆಗೂ ಬೇಳೆ ಹೋಳಿಗೆಗೂ ಇರುವ ವ್ಯತ್ಯಾಸ ನೋಡಲು ಹೊರಟೆನಾದರೂ ಅಂಕಿಗಳು ದಿನಕ್ಕೊಂದು ರೀತಿ ಬಂದು, ಕೈಬಿಟ್ಟೆ. ಹನ್ನೊಂದು ಗಂಟೆಗೆ ಒಂದು ಲೋಟ ಮಜ್ಜಿಗೆಯನ್ನೂ ಒಂದು ಬಾಳೆಹಣ್ಣನ್ನೂ ತೆಗೆದುಕೊಂಡು ಪೂಜೆಗೆ ಕೂರುವುದನ್ನು ಮಾತ್ರ, ಆ ನಾಲ್ಕು ಹೋಳಿಗೆಯ ದಿನದ ನಂತರ, ಯಾವ ಹಬ್ಬದಲ್ಲಿಯೂ ತಪ್ಪಿಸಿಲ್ಲ.

2024ರ ಬಲಿಪಾಡ್ಯಮಿಯ ಮರುದಿನ ತೂಕ 64 ಕಿಲೋದ ಮೇಲೆ ಮುನ್ನೂರು ಗ್ರಾಂ ಇತ್ತು. ಆಗಸ್ಟ್‌ನಲ್ಲಿ ಸರಿಯಾಗಿ 64 ಇತ್ತು. ಸಕ್ಕರೆಯ ಸರಾಸರಿ 5.9ಕ್ಕೆ ಇಳಿದಿದೆ. ನನ್ನ ಮದುವೆಯಲ್ಲಿ ಬಂದ ಆರು ಸ್ಟೀಲ್ ಡಬ್ಬಿಗಳಲ್ಲಿ ನಾಲ್ಕನ್ನು ಅಟ್ಟಕ್ಕೇರಿಸಿದ್ದೇನೆ, ಉಳಿದ ಎರಡರಲ್ಲಿ ರವೆಯೂ ಹುರಿಗಡಲೆಯೂ ಇವೆ.