ಶಾಲಾ ಸಂಸತ್ತಿನ ಖಾತೆಯಿಂದ ಪಿಯುಸಿ ಕಾಂಬಿನೇಷನ್‌ವರೆಗೆ: ಹೈಸ್ಕೂಲಿನ ಹೊಣೆಯನ್ನು ಓದಿನ ದಾರಿ ಹುಡುಕಲು ಬಳಸುವುದು ಹೇಗೆ

ಶಾಲೆ ಶುರುವಾಗಿ ಕೆಲವೇ ವಾರಗಳಲ್ಲಿ ನಮ್ಮ ಹೈಸ್ಕೂಲುಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಈಚೆಗೆ ಮೊಬೈಲಿನಲ್ಲೇ ಮತಯಂತ್ರ, ಕೊನೆಗೆ ಪ್ರಮಾಣವಚನ. ಬಹಳ ಕಡೆ ಸಂಸತ್ತು ಅಲ್ಲಿಗೇ ಮುಗಿದುಹೋಗುತ್ತದೆ. ಬ್ಯಾಡ್ಜ್ ಧರಿಸಿದ ಮಂತ್ರಿಗೆ ಪ್ರಾರ್ಥನೆಯ ಸಾಲು ನೋಡಿಕೊಳ್ಳುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಇದು ನಿಜವಾದ ನಷ್ಟ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಡಿಪ್ಲೊಮಾವೋ ಎಂದು ತೀರ್ಮಾನಿಸಬೇಕು. 625 ಅಂಕಗಳ ಪಟ್ಟಿ ನೀವು ಪರೀಕ್ಷೆಯಲ್ಲಿ ಏನು ಬರೆಯಬಲ್ಲಿರಿ ಎಂಬುದನ್ನಷ್ಟೇ ಹೇಳುತ್ತದೆ. ಯಾವ ಕೆಲಸ ಹಿಡಿದಾಗ ನಿಮಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂಬುದನ್ನು ಒಂದು ವರ್ಷ ನಿಭಾಯಿಸಿದ ಖಾತೆ ಹೇಳುತ್ತದೆ.

ಹುದ್ದೆ ನೋಡಬೇಡಿ, ಕೆಲಸ ನೋಡಿ

ಮುಖ್ಯಮಂತ್ರಿ ಸ್ಥಾನಕ್ಕೆ ಎಲ್ಲರೂ ಮುಗಿಬೀಳುತ್ತಾರೆ, ಆದರೆ ದಿನನಿತ್ಯದ ಕೆಲಸ ಅಲ್ಲಿ ಕಡಿಮೆ. ಆಹಾರ, ಆರೋಗ್ಯ, ನೀರು ಮತ್ತು ನೈರ್ಮಲ್ಯ, ಗ್ರಂಥಾಲಯ, ತೋಟ ಇವುಗಳಲ್ಲಿ ಒಂದನ್ನು ಕೇಳಿ ಪಡೆಯಿರಿ. 9ನೇ ತರಗತಿ ಇದಕ್ಕೆ ಸರಿಯಾದ ವರ್ಷ. 10ರಲ್ಲಿ ಪೂರ್ವಸಿದ್ಧತಾ ಪರೀಕ್ಷೆಗಳು ಹತ್ತಿರವಾದಂತೆ ಖಾತೆ ಹೆಸರಿಗಷ್ಟೇ ಉಳಿಯುತ್ತದೆ.

ಶಿಸ್ತು ಖಾತೆಯ ಬಗ್ಗೆ ಎಚ್ಚರ ಇರಲಿ. ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದೇ ಕೆಲಸವಾದರೆ ಗೆಳೆಯರು ದೂರವಾಗುತ್ತಾರೆ, ನಿಮ್ಮ ಬಗ್ಗೆ ನಿಮಗೆ ಏನೂ ತಿಳಿಯುವುದಿಲ್ಲ. ಆ ಖಾತೆಯೇ ಬಂದರೆ ತಡವಾಗಿ ಬರುವವರ ಕಾರಣ ಬರೆದಿಡಿ: ಬಸ್ಸಿನ ಸಮಯವೇ, ಮನೆಗೆಲಸವೇ, ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರಬೇಕೇ? ಆಗ ಅದು ಸಮಾಜಶಾಸ್ತ್ರದ ಪ್ರಶ್ನೆಯಾಗುತ್ತದೆ.

ಒಂದು ನೋಟ್‌ಬುಕ್, ನಾಲ್ಕು ಕಾಲಂ

ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಶನಿವಾರ ಹತ್ತು ನಿಮಿಷ ಕೊಡಿ. ಮೊದಲ ಕಾಲಂನಲ್ಲಿ ಆ ವಾರ ಮಾಡಿದ ಕೆಲಸ, ಎರಡನೆಯದರಲ್ಲಿ ಹಿಡಿದ ಸಮಯ, ಮೂರನೆಯದರಲ್ಲಿ ಯಾರ ಜೊತೆ ಮಾಡಿದಿರಿ, ನಾಲ್ಕನೆಯದರಲ್ಲಿ ‘ಯಾರೂ ಹೇಳದಿದ್ದರೂ ಮತ್ತೆ ಮಾಡುತ್ತೇನೆಯೇ’ ಎಂಬುದಕ್ಕೆ ಹೌದು ಅಥವಾ ಇಲ್ಲ. ಈ ನಾಲ್ಕನೆಯ ಕಾಲಂಗಾಗಿಯೇ ಉಳಿದ ಮೂರು ಇರುವುದು. ಶಿಕ್ಷಕರು ಇದನ್ನು ತಿದ್ದಬಾರದು, ಅಂಕ ಕೊಡಬಾರದು. ತಿದ್ದುತ್ತಾರೆ ಎಂದು ಗೊತ್ತಾದ ದಿನದಿಂದ ಮಕ್ಕಳು ಎಲ್ಲದಕ್ಕೂ ‘ಹೌದು’ ಬರೆಯುತ್ತಾರೆ.

ಒಂದು ಸಮಸ್ಯೆ, ಅದಕ್ಕೊಂದು ಲೆಕ್ಕ

ವರ್ಷಕ್ಕೆ ಒಂದೇ ಸಮಸ್ಯೆ ಹಿಡಿಯಿರಿ. ಆಹಾರ ಖಾತೆಯನ್ನೇ ನೋಡಿ. ಬಿಸಿಯೂಟದಲ್ಲಿ 6ರಿಂದ 8ನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂಬ ಲೆಕ್ಕವಿದೆ. 120 ಮಕ್ಕಳು ಊಟ ಮಾಡುವ ದಿನ 18 ಕೆಜಿ ಅಕ್ಕಿ ಬೇಕು. ಎರಡು ವಾರ ದಿನವೂ ಮೂರು ಅಂಕಿ ಬರೆಯಿರಿ: ಹಾಜರಾತಿ, ಬೇಯಿಸಿದ ಅಕ್ಕಿ, ತಟ್ಟೆಗಳಲ್ಲಿ ಉಳಿದು ಬಕೆಟ್ಟಿಗೆ ಬಿದ್ದ ಅನ್ನದ ತೂಕ. ತೂಗುವಾಗ ಖಾಲಿ ಬಕೆಟ್ಟಿನ ತೂಕ ಕಳೆಯಲು ಮರೆಯುವುದು ಸಾಮಾನ್ಯ ತಪ್ಪು. ಬೇಯಿಸಿದ ಅನ್ನದ ತೂಕವನ್ನು ಹಸಿ ಅಕ್ಕಿಯ ತೂಕದ ಪಕ್ಕದಲ್ಲಿಟ್ಟು ಹೋಲಿಸುವುದು ಇನ್ನೊಂದು ತಪ್ಪು. ನೀರು ಹೀರಿಕೊಂಡ ಅನ್ನ ಅಕ್ಕಿಗಿಂತ ಎರಡು-ಮೂರು ಪಟ್ಟು ಭಾರ.

ಎರಡು ವಾರದ ಕೊನೆಗೆ ಯಾವ ದಿನ ಹೆಚ್ಚು ಉಳಿಯಿತು ಎಂಬುದು ಕಾಣುತ್ತದೆ. ಆ ದಿನ ಸಾರು ತೆಳ್ಳಗಿತ್ತೇ, ಊರಲ್ಲಿ ಸಂತೆಯೋ ಹಬ್ಬವೋ ಇತ್ತೇ, ಚಿಕ್ಕ ಮಕ್ಕಳಿಗೂ ದೊಡ್ಡವರಷ್ಟೇ ಬಡಿಸಿದರೇ ಎಂದು ಅಡುಗೆಯ ಅಕ್ಕಂದಿರನ್ನೇ ಕೇಳಿ. ತಪ್ಪು ಹುಡುಕಲು ಬಂದವರಂತೆ ಹೋದರೆ ಅವರು ಬಾಯಿ ಬಿಡುವುದಿಲ್ಲ. ಮೊದಲ ವಾರ ಬಡಿಸಲು ಕೈಜೋಡಿಸಿ, ಪ್ರಶ್ನೆ ಎರಡನೇ ವಾರಕ್ಕಿರಲಿ.

ಆರೋಗ್ಯ ಖಾತೆಗೂ ಇಂಥದ್ದೇ ಕೆಲಸವಿದೆ. ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಒಮ್ಮೆ ಹಾಗಾದ ಹುಡುಗಿ ಮುಂದಿನ ವಾರ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಾಳೆ. ಊಟವಾದ ಮೇಲೆ, ಶಿಕ್ಷಕರ ಎದುರಿಗೇ ಕೊಡುವಂತೆ ಕೇಳಿ, ಎಷ್ಟು ಮಂದಿ ನುಂಗಿದರು ಎಂದು ವಾರವಾರ ಎಣಿಸಿ.

ಶಾಲೆಯ ಕೈ ಮೀರಿದ ವಿಷಯ, ಉದಾಹರಣೆಗೆ ನೀರಿನ ಟ್ಯಾಂಕ್ ಅಥವಾ ಶಾಲೆಯ ದಾರಿಯ ದೀಪ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೂ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೂ ಹೋಗಬೇಕು. ಬಾಯಿಮಾತಲ್ಲಿ ಹೇಳಿ ಬರಬೇಡಿ. ಅಂಕಿಗಳ ಸಮೇತ ಒಂದು ಪುಟದ ಮನವಿ ಎರಡು ಪ್ರತಿ ಬರೆದು, ಒಂದರ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ನೋಟ್‌ಬುಕ್ ಓದುವುದು

ದಸರಾ ರಜೆಯಲ್ಲಿ ಒಮ್ಮೆ, ಬೇಸಿಗೆ ರಜೆಯಲ್ಲಿ ಇನ್ನೊಮ್ಮೆ ಕುಳಿತು ‘ಹೌದು’ಗಳಿಗೆಲ್ಲ ಗೆರೆ ಎಳೆಯಿರಿ. ಒಂದೇ ಆಹಾರ ಖಾತೆ ಮೂವರಿಗೆ ಮೂರು ದಾರಿ ತೋರಿಸಬಹುದು. ದಾಸ್ತಾನು ಪುಸ್ತಕ ಸರಿಹೊಂದಿಸುವುದೇ ಹಿಡಿಸಿತೇ? ವಾಣಿಜ್ಯದ ಸಿಇಬಿಎ (ಕಂಪ್ಯೂಟರ್ ವಿಜ್ಞಾನ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ), ಮುಂದೆ ಬಿಕಾಂ ನೋಡಿ. ಅನ್ನ ಯಾಕೆ ಉಳಿಯಿತು, ಬೇಳೆ ಯಾಕೆ ಬೇಯಲಿಲ್ಲ ಎಂಬುದು ತಲೆ ಕೊರೆಯಿತೇ? ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ), ಆಮೇಲೆ ಆಹಾರ ವಿಜ್ಞಾನ ಅಥವಾ ಕೃಷಿ ಪದವಿ. ಅಡುಗೆಯವರ ಜೊತೆ, ಪಾಲಕರ ಜೊತೆ ಮಾತಾಡಿದ ದಿನಗಳಿಗೇ ಗೆರೆ ಬಿದ್ದಿದ್ದರೆ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ), ನಂತರ ಸಮಾಜಕಾರ್ಯದ ಪದವಿ. ಕೆಟ್ಟ ನಲ್ಲಿಯನ್ನು ತಾನೇ ಬಿಚ್ಚಿ ಜೋಡಿಸಿದವರಿಗೆ ಐಟಿಐ ಅಥವಾ ಮೂರು ವರ್ಷದ ಡಿಪ್ಲೊಮಾ ಕೀಳಲ್ಲ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು.

ಇಲ್ಲಿ ಆಗುವ ದೊಡ್ಡ ತಪ್ಪು ಚಪ್ಪಾಳೆಯನ್ನು ಆಸಕ್ತಿ ಎಂದುಕೊಳ್ಳುವುದು. ಭಾಷಣಕ್ಕೆ ಬಹುಮಾನ ಬಂತು, ಆದ್ದರಿಂದ ವಕೀಲಿ ಎನ್ನುತ್ತಾರೆ. ಕಾನೂನಿನ ಓದಿನಲ್ಲಿ ಮಾತಿಗಿಂತ ಓದುವುದೇ ಹೆಚ್ಚು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ಕೋರ್ಸಿಗೆ ಬರೆಯಬೇಕಾದ ಕ್ಲಾಟ್ ಪರೀಕ್ಷೆಯಲ್ಲಿ ಎರಡು ಗಂಟೆಗೆ 120 ಪ್ರಶ್ನೆ, ಬಹುಪಾಲು ಗದ್ಯಭಾಗ ಓದಿ ಉತ್ತರಿಸುವಂಥವು. ಹಾಗಾಗಿ ಸಂಸತ್ತಿನ ನಡಾವಳಿ ಬರೆಯುವುದು, ನಿಯಮದ ಪದ ಹಿಡಿದು ವಾದಿಸುವುದು ಇಷ್ಟವಾಯಿತೇ ಎಂದು ನೋಟ್‌ಬುಕ್ಕಿನಲ್ಲಿ ಹುಡುಕಿ. ‘ಮಂತ್ರಿಯಾಗಿದ್ದೆ, ಐಎಎಸ್ ಮಾಡುತ್ತೇನೆ’ ಎನ್ನುವವರಿಗೂ ಒಂದು ಮಾತು: ಆ ಪರೀಕ್ಷೆಗೆ ಯಾವುದೇ ಪದವಿ ಆಗುತ್ತದೆ, 21 ವರ್ಷ ತುಂಬಿರಬೇಕು. ಅಂದರೆ ಈಗ ತೀರ್ಮಾನಿಸಬೇಕಾದದ್ದು ಐಎಎಸ್ ಅಲ್ಲ, ಮುಂದಿನ ಐದು ವರ್ಷ ಬೇಸರವಿಲ್ಲದೆ ಓದಬಲ್ಲ ವಿಷಯ.

ಮನಸ್ಸು ಇನ್ನೂ ಎರಡು ಕಡೆ ಎಳೆಯುತ್ತಿದ್ದರೆ ಬಾಗಿಲುಗಳ ಲೆಕ್ಕ ಹಾಕಿ. ಎಂಜಿನಿಯರಿಂಗಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು, ವೈದ್ಯಕೀಯಕ್ಕೆ ಜೀವಶಾಸ್ತ್ರ. ಐದು ವರ್ಷದ ಕಾನೂನಿಗೆ ಯಾವ ವಿಭಾಗವಾದರೂ ನಡೆಯುತ್ತದೆ. ಆದರೆ ಬಾಗಿಲು ತೆರೆದಿರಲಿ ಎಂಬ ಒಂದೇ ಕಾರಣಕ್ಕೆ ವಿಜ್ಞಾನ ಹಿಡಿದು ಎರಡು ವರ್ಷ ಒದ್ದಾಡುವುದು ಬೇಡ.

ಪ್ರಮಾಣಪತ್ರಕ್ಕೆ ಎಲ್ಲಿ ಬೆಲೆ, ಎಲ್ಲಿ ಇಲ್ಲ

ಸಂಸತ್ತಿನ ಪ್ರಮಾಣಪತ್ರದಿಂದ ಸಿಇಟಿಯಲ್ಲಿ ಸೀಟು ಸಿಗುವುದಿಲ್ಲ. ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್, ಕ್ರೀಡೆಗೆ ಅಲ್ಲಿ ವಿಶೇಷ ವರ್ಗಗಳಿವೆ. ಯಾವ ಮಟ್ಟದ ಪ್ರಮಾಣಪತ್ರ ಬೇಕು ಎಂಬುದನ್ನು ಆಯಾ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮಾಹಿತಿ ಪುಸ್ತಕದಲ್ಲೇ ಓದಿ, ಮೂಲ ಪ್ರತಿ ಜೋಪಾನ ಮಾಡಿ. ಸಂದರ್ಶನ ಅಥವಾ ಪ್ರಬಂಧ ಕೇಳುವ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಖಾತೆಯ ಅನುಭವ ಕೈಹಿಡಿಯುತ್ತದೆ. ಅಮೆರಿಕದ ಕಾಲೇಜುಗಳ ಕಾಮನ್ ಆ್ಯಪ್ ಅರ್ಜಿಯಲ್ಲಿ 9ರಿಂದ 12ನೇ ತರಗತಿಯ ಹತ್ತು ಚಟುವಟಿಕೆಗಳವರೆಗೆ ಬರೆಯಬಹುದು, ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ ಜಾಗ. ‘ನಾಯಕತ್ವ ಗುಣ ಬೆಳೆಸಿಕೊಂಡೆ’ ಎಂದು ಬರೆದು ಆ ಜಾಗ ಹಾಳು ಮಾಡಬೇಡಿ. ಏನು ತೂಗಿದಿರಿ, ಎಷ್ಟು ದಿನ, ಆಮೇಲೆ ಏನು ಬದಲಾಯಿತು, ಇಷ್ಟೇ ಬರೆಯಿರಿ. ಬದಲಾಗದಿದ್ದರೆ ಯಾಕೆ ಆಗಲಿಲ್ಲ ಎಂದು ಬರೆಯಿರಿ, ಸಂದರ್ಶನದಲ್ಲಿ ಅದರ ಮೇಲೆಯೇ ಒಳ್ಳೆಯ ಪ್ರಶ್ನೆಗಳು ಬರುತ್ತವೆ.

ಅಂಕ ಕಡಿಮೆಯಾದೀತು ಎಂಬ ಪಾಲಕರ ಆತಂಕ ಸುಳ್ಳಲ್ಲ. ಖಾತೆಯ ಕೆಲಸ ದಿನಕ್ಕೆ ಅರ್ಧ ಗಂಟೆ ಮೀರದಿರಲಿ, ಅದೂ ಊಟದ ಬಿಡುವಿನಲ್ಲಿ. ತರಗತಿ ತಪ್ಪಿಸಿ ಮಾಡುವ ಕೆಲಸ ಯಾರೇ ಹೇಳಿದರೂ ಬೇಡ ಎನ್ನಿ. 10ಕ್ಕೆ ಬಂದಾಗ ಖಾತೆಯನ್ನು 9ನೇ ತರಗತಿಯವರಿಗೆ ವಹಿಸಿ, ಮೊದಲ ಎರಡು ವಾರ ಜೊತೆಗಿದ್ದು ತೂಕದ ಪಟ್ಟಿ ತುಂಬುವುದನ್ನು ಕಲಿಸಿ. ಆ ಎರಡು ವಾರದ ನಾಲ್ಕನೆಯ ಕಾಲಂ ಬೇರೆಯಾಗಿ ನೋಡಿ. ಕಲಿಸಿದ್ದಕ್ಕೇ ಹೆಚ್ಚು ‘ಹೌದು’ ಬಂದಿದ್ದರೆ ಪಿಯುಸಿ ನಂತರದ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್ ಬಗ್ಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಚಾರಿಸಿ.