ಮೊದಲು ಹಾಡು, ಆಮೇಲೆ ಸ್ಯಾಕ್ಸೋಫೋನ್: ನನ್ನ ಅನುಭವ

ಸ್ವರಲಿಪಿಯನ್ನು ಬದಿಗಿಟ್ಟು ಜಾಝ್ ಕಲಿಸಲು ಹೊರಟಾಗ ಜೊತೆಯ ಶಿಕ್ಷಕರಲ್ಲಿ ಬಹುತೇಕರು ಒಪ್ಪಲಿಲ್ಲ. ಮಕ್ಕಳು ಪರೀಕ್ಷೆಯಲ್ಲಿ ಓದಲು ಬಾರದೆ ಒದ್ದಾಡುತ್ತಾರೆ, ಪೋಷಕರು ಬೇರೆಡೆ ಸೇರಿಸುತ್ತಾರೆ ಎಂದರು. ಎರಡನೆಯ ಮಾತು ನಿಜವಾಯಿತು: ಮೊದಲ ವರ್ಷ ಹೆಚ್ಚುಕಡಿಮೆ ಅರ್ಧದಷ್ಟು ವಿದ್ಯಾರ್ಥಿಗಳು ಬಿಟ್ಟುಹೋದರು. ಕಾರ್ಯಕ್ರಮಗಳಿಂದ ಬರುತ್ತಿದ್ದುದು ನನ್ನ ಆದಾಯದ ಮೂರನೆಯ ಒಂದು ಭಾಗ ಮಾತ್ರ. ಹಾಗಾಗಿ ಟೆನರ್ ಸ್ಯಾಕ್ಸೋಫೋನ್ ಕೊಳ್ಳಲು ಮಾಡಿದ್ದ ಸಾಲದ ಕಂತು ಕಟ್ಟಲು ಸಿಕ್ಕ ಸಮಾರಂಭಗಳಲ್ಲೆಲ್ಲ ನುಡಿಸಿದೆ. ಬ್ಯಾಂಡಿನ ಮುಖ್ಯಸ್ಥರು ನನ್ನನ್ನು ಕಂಡೊಡನೆ ಗಾಯಕಿಯೆಂದೇ ತಿಳಿಯುತ್ತಿದ್ದರು. ಎರಡು ಕೋರಸ್ (ಹಾಡಿನ ಇಡೀ ಸುತ್ತು) ಕೇಳಿದ ಮೇಲೆ ಯಾರೂ ಹಾಗೆ ತಿಳಿಯಲಿಲ್ಲ.

ನನ್ನ ತರಗತಿಯಲ್ಲಿ ಮೊದಲ ಕೆಲವು ವಾರ ಮೌತ್‌ಪೀಸ್ (ಬಾಯಿಗಿಟ್ಟು ಊದುವ ತುದಿ) ಮತ್ತು ಅದಕ್ಕೆ ಕಟ್ಟುವ ರೀಡ್ (ಕಂಪಿಸಿ ನಾದ ಹೊರಡಿಸುವ ತೆಳು ಪಟ್ಟಿ) ಮಾತ್ರ. ಆಲ್ಟೊ (ಟೆನರಿಗಿಂತ ಚಿಕ್ಕ, ಮೇಲಿನ ಶ್ರುತಿಯ ಸ್ಯಾಕ್ಸೋಫೋನ್) ಮೌತ್‌ಪೀಸನ್ನಷ್ಟೇ ಊದಿ 880 ಹರ್ಟ್ಸ್‌ನ ‘ಎ’ ಸ್ವರ ಹಿಡಿಯುವ ಅಭ್ಯಾಸ ಸ್ಯಾಕ್ಸೋಫೋನ್ ಕಲಿಸುವವರಿಗೆಲ್ಲ ಗೊತ್ತು. ನಾನು ಅಲ್ಲಿಗೆ ನಿಲ್ಲಿಸದೆ, ತುಟಿಯ ಹಿಡಿತ ಸಡಿಲಿಸದಂತೆ, ನಾಲಿಗೆಯ ಹಿಂಭಾಗ ಮತ್ತು ಗಂಟಲಿನಿಂದಲೇ ಅಲ್ಲಿಂದ ಮೂರು ನಾಲ್ಕು ಸ್ವರ ಕೆಳಗಿಳಿಸಲು ಹೇಳುತ್ತೇನೆ. ಅನಂತರ ಜಾಝ್ ಟೆನರ್ ವಾದಕ ಲೆಸ್ಟರ್ ಯಂಗ್ 1936ರಲ್ಲಿ ಧ್ವನಿಮುದ್ರಿಸಿದ ಒಂದು ಸೋಲೊ (ಒಬ್ಬರೇ ಮನೋಧರ್ಮದಿಂದ ನುಡಿಸುವ ಭಾಗ): ತಾಳ ಹಾಕುವ ಯಂತ್ರವಾದ ಮೆಟ್ರೋನೋಮನ್ನು ತಾಳದ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಹೊಂದಿಸಿಕೊಂಡು, ಅವರು ಉಸಿರು ತೆಗೆದುಕೊಂಡ ಜಾಗಗಳೂ ತಪ್ಪದ ಹಾಗೆ ಅದನ್ನು ಹಾಡಲು ಬರುವವರೆಗೆ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆಯುವಂತಿಲ್ಲ. ಟೆನರಿನಲ್ಲಿ ‘ಜಿ’ ಎಂದು ನುಡಿಸುವ ಸ್ವರವೇ ಆಲ್ಟೊದಲ್ಲಿ ‘ಡಿ’ ಆಗುತ್ತದೆ ಎಂಬ ಲೆಕ್ಕವನ್ನು ನಾನು ಹೇಳಿಕೊಡುವುದಿಲ್ಲ, ಹಾಡಿ ಕಲಿತವರು ಅದನ್ನು ಕಿವಿಯಿಂದಲೇ ಹುಡುಕಿಕೊಳ್ಳುತ್ತಾರೆ. 1940ರ ದಶಕದಲ್ಲಿ ‘ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್’ ಎಂಬ ಮಹಿಳಾ ವೃಂದದಲ್ಲಿ ಟೆನರ್ ನುಡಿಸಿದ ವೈ ಬರ್ನ್‌ಸೈಡ್ ಅವರನ್ನು, ವಿಶೇಷವಾಗಿ ಹುಡುಗಿಯರಿಗೆ, ತಪ್ಪದೆ ಕೇಳಿಸುತ್ತೇನೆ.

ಇದರ ನಡುವೆ ಇನ್ನೊಂದು ಪ್ರಯೋಗಕ್ಕೂ ಕೈಹಾಕಿದೆ. ವಾದ್ಯದ ತೀರಾ ಕೆಳಗಿನ ಸ್ವರಗಳಾದ ‘ಬಿ’ ಮತ್ತು ‘ಬಿ ಫ್ಲಾಟ್’ ಹೊರಡದಿದ್ದಾಗ ಉಸಿರು ಸಾಲದೆಂದು ಮಕ್ಕಳನ್ನು ಗದರಿಸುವ ರೂಢಿ ಇದೆ. ನಾನು ಜಿ ಶಾರ್ಪ್ ಸ್ವರದ ರಂಧ್ರ ಮುಚ್ಚುವ ಪ್ಯಾಡಿನಡಿ ತೆಳು ಕಾಗದದ ಪಟ್ಟಿ ಇಟ್ಟು, ಕೆಳಗಿನ ‘ಬಿ’ಯ ಬೆರಳುಗಳನ್ನು ಹಿಡಿಸಿ ಎಳೆದು ನೋಡುತ್ತ ಬಂದೆ, ಐದರಲ್ಲಿ ಎರಡು ವಾದ್ಯಗಳಲ್ಲಾದರೂ ಅದು ಸಲೀಸಾಗಿ ಜಾರಿ ಬಂತು, ಅಂದರೆ ಪ್ಯಾಡ್ ಸರಿಯಾಗಿ ಮುಚ್ಚದೆ ಗಾಳಿ ಸೋರುತ್ತಿತ್ತು. ಹೊಂದಾಣಿಕೆಯ ಸ್ಕ್ರೂವನ್ನು ಸ್ವಲ್ಪವೇ ತಿರುಗಿಸಿದರೆ ಸಾಕು, ಸ್ವರ ಹೊರಡುತ್ತದೆ, ದುರಸ್ತಿಯ ಖರ್ಚೂ ಉಳಿಯುತ್ತದೆ.

ರೀಡ್‌ಗಳಿಗೆ ಹೋಗುವ ಹಣವೇ ದೊಡ್ಡದು. ಹತ್ತರ ಪೆಟ್ಟಿಗೆಯಲ್ಲಿ ನನಗೆ ಒಗ್ಗುತ್ತಿದ್ದುದು ಮೂರೋ ನಾಲ್ಕೋ. ಈಗ ನಾಲ್ಕನ್ನು ಸರದಿಯಲ್ಲಿ ಬಳಸುತ್ತೇನೆ, ಉಳಿದವನ್ನು ಕೆರೆದು ಸರಿಪಡಿಸುತ್ತೇನೆ. ಎಲ್ಲಿ, ಎಷ್ಟು ಕೆರೆಯಬೇಕೆಂಬುದು ನನ್ನ ವಿದ್ಯಾರ್ಥಿಗಳಿಗಷ್ಟೇ ಮೀಸಲು. ತರಗತಿಗೆ ಸಿಂಥೆಟಿಕ್ ರೀಡ್ ತರಿಸಿ ನೋಡಿದೆ. ಬೆಲೆ ಹಲವು ಪಟ್ಟು ಹೆಚ್ಚಾದರೂ ತಿಂಗಳುಗಟ್ಟಲೆ ಬಾಳಿಕೆ ಬಂದು ಲೆಕ್ಕ ಸರಿಹೋಯಿತು. ಆದರೆ ಸಬ್‌ಟೋನಿಗೆ (ಉಸಿರು ಬೆರೆತ ಮೆದು ನಾದ) ನನಗೆ ಇಂದಿಗೂ ಜೊಂಡಿನ ರೀಡೇ ಬೇಕು.

ಮೂರನೆಯ ವರ್ಷ ಫಲ ಕಂಡಿತು. ಹನ್ನೆರಡು ಬಾರ್ ಬ್ಲೂಸ್ (ಹನ್ನೆರಡು ತಾಳಘಟಕಗಳ ಸುತ್ತು) ಮೇಲೆ ತರಗತಿಯ ಬಹುಪಾಲು ಮಕ್ಕಳು ತಮ್ಮದೇ ಸೋಲೊ ನುಡಿಸಿದರು. ಸ್ವರಲಿಪಿಯನ್ನು ನಾನು ಸುಮಾರು ಆರು ತಿಂಗಳ ನಂತರ, ಅವರು ಆಗಲೇ ಹಾಡಬಲ್ಲ ಸೋಲೊವನ್ನು ಬರೆದು ತೋರಿಸಿ ಕಲಿಸುತ್ತೇನೆ. ಕಿವಿ ಮುಂದೆ ಹೋಗಿರುವುದರಿಂದ ಕಣ್ಣು ಬೇಗ ಹಿಂಬಾಲಿಸುತ್ತದೆ, ಪರೀಕ್ಷೆಗೂ ತೊಂದರೆಯಾಗಿಲ್ಲ. ಆಗ ಒಪ್ಪದಿದ್ದ ಶಿಕ್ಷಕರಲ್ಲಿ ಇಬ್ಬರು ಈಗ ತಮ್ಮ ವಿದ್ಯಾರ್ಥಿಗಳನ್ನು ಮೊದಲ ಆರು ತಿಂಗಳಿಗೆ ನನ್ನಲ್ಲಿಗೇ ಕಳಿಸುತ್ತಾರೆ.