ಕರೆಂಟು ಹೋದಾಗ ತೊಟ್ಟಿಯ ನೀರು ಎಲ್ಲಿಗೆ ಹೋಗುತ್ತದೆ?

ದೊಡ್ಡ ಮೀನಿನ ತೊಟ್ಟಿ ಇಡಬೇಕು ಅಂತ ಯಾರಾದರೂ ಸಲಹೆ ಕೇಳಲು ಬಂದರೆ ನನ್ನ ಮೊದಲ ಪ್ರಶ್ನೆ ಒಂದೇ: ನಡುರಾತ್ರಿ ಕರೆಂಟು ಹೋಯಿತು ಅಂತಿಟ್ಟುಕೊಳ್ಳಿ, ಆಗ ನೀರು ಎಲ್ಲಿಗೆ ಹೋಗುತ್ತದೆ? ಬಂದವರು ನನ್ನ ಮುಖ ನೋಡುತ್ತಾರೆ. ಅವರ ತಲೆಯಲ್ಲಿ ಬಣ್ಣಬಣ್ಣದ ಮೀನು ಓಡಾಡುತ್ತಿರುತ್ತವೆ, ನನ್ನ ತಲೆಯಲ್ಲಿ ಒದ್ದೆ ನೆಲ.

ಆ ಒದ್ದೆ ನೆಲವನ್ನು ಒರೆಸಿದವಳು ನಾನೇ. ನನ್ನ ಮೊದಲ 6 ಅಡಿಯ ತೊಟ್ಟಿಯಲ್ಲಿ, ಪಂಪು ಮೇಲೆತ್ತಿದ ನೀರು ಬೀಳುವ ಪೈಪಿನ ಬಾಯನ್ನು, ಕಣ್ಣಿಗೆ ಕಾಣದಿರಲಿ ಅಂತ ನೀರಿನ ಮಟ್ಟಕ್ಕಿಂತ 4 ಇಂಚು ಕೆಳಗೆ ಮುಳುಗಿಸಿದ್ದೆ. ಪಂಪು ನಿಂತದ್ದೇ ತಡ, ಅದೇ ಪೈಪು ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯತೊಡಗಿತು. ಲೆಕ್ಕ ಸುಲಭ. 6 ಅಡಿ ಉದ್ದ, 2 ಅಡಿ ಅಗಲದ ತೊಟ್ಟಿಯಲ್ಲಿ 1 ಇಂಚು ನೀರೆಂದರೆ ಒಂದು ಘನ ಅಡಿ, ಅಂದರೆ 28 ಲೀಟರು. 4 ಇಂಚಿಗೆ 112. ಕೆಳಗಿನ ಸಂಪಿನಲ್ಲಿ ಖಾಲಿ ಇದ್ದದ್ದು 60 ಲೀಟರಿನಷ್ಟು ಜಾಗ. ಉಳಿದ ನೀರು ಎಲ್ಲಿಗೆ ಹೋಯಿತು ಅನ್ನುವುದು ಬೆಳಗ್ಗೆ ನೆಲಕ್ಕೆ ಕಾಲಿಟ್ಟಾಗ ಗೊತ್ತಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸಂಪು ಎಂದರೆ ಇಲ್ಲಿ ನೆಲದಡಿಯ ತೊಟ್ಟಿಯಲ್ಲ, ಮೀನಿನ ತೊಟ್ಟಿಯ ಕೆಳಗೆ ಸ್ಟ್ಯಾಂಡಿನೊಳಗೆ ಕೂರುವ ಇನ್ನೊಂದು ಚಿಕ್ಕ ಗಾಜಿನ ತೊಟ್ಟಿ. ಮೇಲಿನ ನೀರು ಅಂಚಿನ ಹಲ್ಲುಗಳ ಮೂಲಕ ಉಕ್ಕಿ, ಪೈಪಿನಲ್ಲಿ ಇಳಿದು, ಫಿಲ್ಟರಿನ ಕೋಣೆಗಳನ್ನು ದಾಟಿ ಕೊನೆಯ ಕೋಣೆಗೆ ಬರುತ್ತದೆ. ಅಲ್ಲಿಂದ ಪಂಪು ಮತ್ತೆ ಮೇಲಕ್ಕೆ ಕಳಿಸುತ್ತದೆ. ಹೀಗಿರುವಾಗ ಮೇಲಕ್ಕೆ ಕಳಿಸುವ ಆ ಪೈಪಿನ ಬಾಯಿ ತೊಟ್ಟಿಯ ನೀರಿನ ಮಟ್ಟದಿಂದ ಒಂದು ಇಂಚಿಗಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ. ಮಟ್ಟದ ಕೆಳಗೇ ಆ ಪೈಪಿಗೆ ಒಂದು ಸಣ್ಣ ತೂತು ಕೊರೆದರೆ, ನೀರು ಅಷ್ಟು ಇಳಿದೊಡನೆ ಗಾಳಿ ಎಳೆದುಕೊಂಡು ಸೈಫನ್ ಕಡಿದುಹೋಗುತ್ತದೆ. ಆದರೆ ಆ ತೂತಿನಲ್ಲಿ ಪಾಚಿ ಕಟ್ಟುತ್ತದೆ, ಆಗಾಗ ಕಡ್ಡಿ ಹಾಕಿ ಬಿಡಿಸುತ್ತಿರಬೇಕು. ಇಷ್ಟೆಲ್ಲ ಯಾಕೆ, ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಚೆಕ್ ವಾಲ್ವ್ ಹಾಕಿದರೆ ಸಾಲದೇ ಅಂತ ಕೇಳುತ್ತಾರೆ. ಒಂದು ಬಸವನಹುಳುವಿನ ಚಿಪ್ಪು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಬೇಕಿದ್ದರೆ ಹಾಕಿಕೊಳ್ಳಿ, ಅದನ್ನು ನಂಬಿ ಮಲಗಬೇಡಿ.

ಇದೇ ಲೆಕ್ಕವನ್ನು ತಿರುಗುಮುರುಗಾಗಿಯೂ ಹಾಕಬೇಕು. ಇಳಿಯುವ ಪೈಪು ಕಟ್ಟಿಕೊಂಡು ಪಂಪು ಮಾತ್ರ ಓಡುತ್ತಿದ್ದರೆ? ಪಂಪಿನ ಕೋಣೆಯಲ್ಲಿರುವುದೆಲ್ಲ ಮೇಲೆ ಬಂದು ಉಕ್ಕುತ್ತದೆ. ಆ ಕೋಣೆಯಲ್ಲಿ ಪಂಪಿಗೆ ಎಟುಕುವ ನೀರು 40 ಲೀಟರಿದ್ದರೆ, ಮೇಲಿನ ತೊಟ್ಟಿಯಲ್ಲಿ ಅಂಚಿನವರೆಗೆ ಕನಿಷ್ಠ ಒಂದೂವರೆ ಇಂಚು ಜಾಗ ಖಾಲಿ ಇರಬೇಕು. ಅದಕ್ಕೇ ನಾನು ಪಂಪಿನ ಕೋಣೆಯನ್ನು ಚಿಕ್ಕದಾಗಿಯೇ ಇಡುವುದು. ಅದರಲ್ಲಿ ಒಂದು ತೊಂದರೆಯೂ ಇದೆ: ಆವಿಯಾಗಿ ಆಗುವ ನೀರಿನ ಕೊರತೆಯೆಲ್ಲ ಆ ಕೋಣೆಯಲ್ಲೇ ಕಾಣಿಸಿಕೊಳ್ಳುತ್ತದೆ, ದಿನಾ ಒಂದು ಕಣ್ಣಿಟ್ಟು ತುಂಬಿಸದಿದ್ದರೆ ಪಂಪು ಒಣಗಿ ಸುಟ್ಟುಹೋಗುತ್ತದೆ. ಉಪ್ಪುನೀರಿನ ತೊಟ್ಟಿಯಾದರೂ ತುಂಬಿಸಬೇಕಾದದ್ದು ಸಿಹಿನೀರನ್ನೇ, ಆವಿಯ ಜೊತೆ ಉಪ್ಪು ಹೋಗುವುದಿಲ್ಲ.

ಇಳಿಯುವ ಪೈಪು ಒಂದೇ ಸಾಕು ಅನ್ನುವವರ ಮಾತು ಕೇಳಬೇಡಿ, ಎರಡು ಇರಲಿ. ಒಂದು ಪೂರ್ತಿ ನೀರು ತುಂಬಿ ಓಡುವ ಮುಖ್ಯ ಪೈಪು, ಅದಕ್ಕೆ ಗೇಟ್ ವಾಲ್ವ್. ಇನ್ನೊಂದರ ಬಾಯಿ ಸ್ವಲ್ಪ ಎತ್ತರದಲ್ಲಿ, ಮಾಮೂಲಿ ದಿನಗಳಲ್ಲಿ ಒಣಗಿಯೇ ನಿಂತಿರುತ್ತದೆ. ಮೊದಲನೆಯದು ಕಟ್ಟಿಕೊಂಡ ದಿನ ಪಂಪಿನ ನೀರನ್ನೆಲ್ಲ ಅದೊಂದೇ ಹೊರಬೇಕು, ಅದಕ್ಕೆ ಯಾವ ವಾಲ್ವನ್ನೂ ಹಾಕಕೂಡದು. ಮುಖ್ಯ ಪೈಪಿಗೆ ಬಾಲ್ ವಾಲ್ವ್ ಹಾಕಿದರೆ ಕೂದಲೆಳೆಯಷ್ಟು ತಿರುಗಿಸಿದರೂ ಹರಿವು ಏಕಾಏಕಿ ಬದಲಾಗುತ್ತದೆ. ಗೇಟ್ ವಾಲ್ವಿನಲ್ಲಿ ನಿಧಾನವಾಗಿ ಹದ ಮಾಡಬಹುದು. ಹದ ಕೂತರೆ ಗುಳುಗುಳು ಸದ್ದು ನಿಂತೇ ಹೋಗುತ್ತದೆ. ಆ ಸದ್ದು ನೀರಿನದಲ್ಲ, ನೀರಿನ ಜೊತೆ ನುಗ್ಗುವ ಗಾಳಿಯದು.

ಪಂಪು ಕೊಳ್ಳುವಾಗ ಡಬ್ಬಿಯ ಮೇಲಿನ ಸಂಖ್ಯೆಗೆ ಮರುಳಾಗುತ್ತಾರೆ. ಅದು ನೀರನ್ನು ಒಂದು ಇಂಚೂ ಮೇಲೆತ್ತದಿದ್ದಾಗಿನ ಲೆಕ್ಕ. ಸಂಪಿನಿಂದ ತೊಟ್ಟಿಯ ಅಂಚಿಗೆ ನಾಲ್ಕೈದು ಅಡಿ ಏರಬೇಕು, ನಡುವೆ ಎಲ್ಬೋಗಳು ಬೇರೆ. ಆ ಎತ್ತರಕ್ಕೆ ಎಷ್ಟು ಕೊಡುತ್ತದೆ ಅನ್ನುವುದು ಕಂಪನಿಯ ಪಟ್ಟಿಯಲ್ಲಿ ಇರುತ್ತದೆ, ಅದನ್ನು ನೋಡಿ ಆರಿಸಿ. 6×2×2 ಅಡಿಯ ತೊಟ್ಟಿ ಸುಮಾರು 680 ಲೀಟರು ಹಿಡಿಯುತ್ತದೆ, ಗಂಟೆಗೆ ನಾಲ್ಕೈದು ಸಲ ಸಂಪು ಸುತ್ತಿ ಬಂದರೆ ಧಾರಾಳ. ಪೈಪನ್ನು ಮಾತ್ರ ಪಂಪಿನ ಬಾಯಿಗಿಂತ ಒಂದು ಅಳತೆ ದಪ್ಪ ತನ್ನಿ. ಅದೇ ಹರಿವಿಗೆ 20 ಮಿ.ಮೀ. ಒಳವ್ಯಾಸದ ಬದಲು 25 ಹಾಕಿದರೆ ಪೈಪಿನ ಉಜ್ಜಾಟದಲ್ಲಿ ಕಳೆದುಹೋಗುವ ಒತ್ತಡ ಮೂರನೇ ಒಂದಕ್ಕೆ ಇಳಿಯುತ್ತದೆ. ನೇರ ಮೂಲೆಯ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡನ್ನು ಹಾಕುವುದೂ ಒಳ್ಳೆಯದು. ಹವಳ ಸಾಕುವವರಿಗೆ ಇದಕ್ಕಿಂತ ಬಹಳ ಹೆಚ್ಚು ಹರಿವು ಬೇಕು. ಅದನ್ನು ತೊಟ್ಟಿಯೊಳಗೇ ಅಲೆ ಎಬ್ಬಿಸುವ ಪಂಪುಗಳಿಂದ ಪಡೆಯಿರಿ, ಸಂಪಿನ ಮೇಲೆ ಹೊರಿಸಬೇಡಿ. ಉದ್ದ ರೆಕ್ಕೆಯ ಬೆಟ್ಟಾಗಳಂಥ ಮೀನುಗಳು ಹರಿವಿಗೆ ಎದುರು ಈಜಿ ಸುಸ್ತಾಗುತ್ತವೆ. ಅಂಥವಿದ್ದರೆ ಪೈಪಿನ ಬಾಯನ್ನು ಮೇಲ್ಮೈಯ ಕಡೆ ತಿರುಗಿಸಿ. ಮೇಲ್ಮೈ ಅಲುಗಿದರೆ ನೀರಿಗೆ ಆಮ್ಲಜನಕವೂ ಚೆನ್ನಾಗಿ ಸೇರುತ್ತದೆ.

ಗಾಜಿಗೆ ತೂತು ಕೊರೆಸುವ ಮೊದಲು ಅದು ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜೇ ಅಂತ ವಿಚಾರಿಸಿ. ಹೌದಾದರೆ ಡ್ರಿಲ್ಲು ತಾಗಿದೊಡನೆ ಪುಡಿಪುಡಿ. ಎಷ್ಟೋ ತೊಟ್ಟಿಗಳಲ್ಲಿ ತಳದ ಗಾಜು ಮಾತ್ರ ಟಫನ್ಡ್ ಇರುತ್ತದೆ. ತೂತಿಗೂ ಗಾಜಿನ ಅಂಚಿಗೂ ನಡುವೆ ಕಡೇಪಕ್ಷ ತೂತಿನ ಅಗಲದಷ್ಟಾದರೂ ಜಾಗ ಬಿಡಬೇಕು. ಆ ತೂತಿನಲ್ಲಿ ಪೈಪನ್ನು ಕೂರಿಸುವ ಟ್ಯಾಂಕ್ ಕನೆಕ್ಟರಿನ ರಬ್ಬರ್ ವಾಷರ್ ನೀರಿರುವ ಕಡೆ, ಅಗಲವಾದ ತಲೆಯ ಕೆಳಗೆ ಕೂರಬೇಕು. ನಟ್ಟಿನ ಕಡೆ ಹಾಕಿ ಸೋರಿಸಿಕೊಂಡವರನ್ನು ಎಷ್ಟು ಜನರನ್ನು ನೋಡಿದ್ದೇನೋ. ಕೈಯಲ್ಲಿ ಬಿಗಿ ಮಾಡಿ, ಮೇಲೆ ಕಾಲು ಸುತ್ತು, ಅಷ್ಟೇ. ತಾಮ್ರ, ಹಿತ್ತಾಳೆಯ ಫಿಟ್ಟಿಂಗು ಬೇಡವೇ ಬೇಡ, ತಾಮ್ರದ ಅಂಶ ಸಿಗಡಿ, ಬಸವನಹುಳುಗಳಿಗೆ ವಿಷ.

ಅಂಟು ಹಚ್ಚುವ ಮೊದಲು ಎಲ್ಲವನ್ನೂ ಒಮ್ಮೆ ಒಣದಾಗಿ ಜೋಡಿಸಿ, ಪ್ರತಿ ಜಾಯಿಂಟಿಗೂ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಳ್ಳಿ. ಪಂಪಿನ ಹತ್ತಿರ ಬೇಕಾದಾಗ ಬಿಚ್ಚಿ ಸೇರಿಸಬಹುದಾದ ಒಂದು ಯೂನಿಯನ್ ಹಾಕಿಸಿ, ಇಲ್ಲದಿದ್ದರೆ ಪಂಪು ತೊಳೆಯಲು ಪೈಪೇ ಕತ್ತರಿಸಬೇಕಾಗುತ್ತದೆ. ಪಿವಿಸಿ ಜಾಯಿಂಟಿಗೆ ಸಿಲಿಕೋನ್ ಹಿಡಿಯುವುದಿಲ್ಲ, ಪಿವಿಸಿಯ ಅಂಟಾದ ಸಾಲ್ವೆಂಟ್ ಸಿಮೆಂಟೇ ಆಗಬೇಕು. ವೈರುಗಳು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಮೇಲೇರಲಿ, ವೈರಿನ ಗುಂಟ ಇಳಿದ ಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಮೀನು ತರುವ ಮುಂಚೆ ಬರೀ ನೀರು ತುಂಬಿ ಪರೀಕ್ಷೆ ಮಾಡಿ. ಪಂಪು ನಿಲ್ಲಿಸಿ, ಇಳಿಯುವುದೆಲ್ಲ ಇಳಿಯಲಿ. ಆಮೇಲೆ ಸಂಪಿನ ಅಂಚಿಗೆ ಎರಡು ಇಂಚು ಬಾಕಿ ಇರುವಷ್ಟು ನೀರು ತುಂಬಿಸಿ ಪಂಪು ಹಾಕಿ. ಹರಿವು ನೆಲೆಗೊಂಡಾಗ ಪಂಪಿನ ಕೋಣೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಪಂಪು ಓಡುತ್ತಿರುವಾಗ ಆ ಗೆರೆ ದಾಟಿ ಯಾರೂ ನೀರು ತುಂಬಿಸಕೂಡದು, ಮನೆಯವರಿಗೆಲ್ಲ ಹೇಳಿಡಿ. ಆಮೇಲೆ ಸ್ವಿಚ್ಚನ್ನು ಹತ್ತು ಸಲ ಆರಿಸಿ, ಹತ್ತು ಸಲ ಹಾಕಿ. ಪ್ರತಿ ಸಲವೂ ಮುಖ್ಯ ಪೈಪು ಒಂದೆರಡು ನಿಮಿಷದಲ್ಲಿ ತಾನಾಗಿಯೇ ಗಾಳಿ ಕಕ್ಕಿ ಸದ್ದಡಗಬೇಕು. ಅಡಗದಿದ್ದರೆ ಅದರ ತುದಿ ಸಂಪಿನ ನೀರಿನಲ್ಲಿ ತೀರ ಆಳಕ್ಕೆ ಮುಳುಗಿದೆ ಅಂತ ಅರ್ಥ, ಒಂದು ಇಂಚು ಮಾತ್ರ ಮುಳುಗುವಂತೆ ಕತ್ತರಿಸಿ ಮತ್ತೆ ಸ್ವಿಚ್ಚು ಆರಿಸಿ ನೋಡಿ.